‘ವಧು’ ಹೋಗಿ ‘ವದು’: ವಿಎಂ ಪರದೆಯ ಮಸುಕು ಹುಡುಕಿದ ಒಂದು ಭಾನುವಾರ

ಇದೆಲ್ಲ ಶುರುವಾಗಿದ್ದು ಒಂದು ಲಗ್ನಪತ್ರಿಕೆಯಿಂದ. ತುಮಕೂರಿನಲ್ಲಿ ನನ್ನ ಸೋದರಮಾವನ ಡಿಟಿಪಿ ಅಂಗಡಿ ಇದೆ. ಮದುವೆ ಸೀಸನ್ನು, ಕೈತುಂಬ ಕೆಲಸ. ಒಂದು ರಾತ್ರಿ ಫೋನ್ ಬಂತು. "ಲೋ, ನೀನು ಹಾಕಿಕೊಟ್ಟ ಲಿನಕ್ಸು ನನ್ನ ಮರ್ಯಾದೆ ತೆಗೀತು ಕಣೋ. 400 ಕಾರ್ಡು ಪ್ರಿಂಟಾಗಿದೆ, ಎಲ್ಲದರಲ್ಲೂ ವಧು ಬದಲು ವದು ಅಂತಿದೆ."

ನುಡಿ ಕೀಲಿಮಣೆಯಲ್ಲಿ ಡಿ ಒತ್ತಿದರೆ ದ, ಶಿಫ್ಟ್ ಹಿಡಿದು ಒತ್ತಿದರೆ ಧ. ಟೈಪ್ ಮಾಡುವ ಹುಡುಗಿಯ ಬೆರಳು ಶಿಫ್ಟ್ ತಪ್ಪಿಸಿದೆ, ಅಷ್ಟೇ. ಅದಕ್ಕೂ, ಕಂಪ್ಯೂಟರಿಗೆ ವಿಂಡೋಸ್ ಬದಲು ನಾನು ಹಾಕಿಕೊಟ್ಟ ಲಿನಕ್ಸ್‌ಗೂ ಏನು ಸಂಬಂಧ ಅಂತ ನಾನು ಸ್ವಲ್ಪ ಗರಂ ಆಗಿಯೇ ಕೇಳಿದೆ. ಮಾವ ವಾಟ್ಸಾಪಿನಲ್ಲಿ ಗಿರಾಕಿಗೆ ಕಳಿಸಿದ್ದ ಪ್ರೂಫ್ ಚಿತ್ರವನ್ನು ನನಗೂ ಕಳಿಸಿದರು. ನೋಡಿದೆ. ದ ಯಾವುದು, ಧ ಯಾವುದು, ನಿಜವಾಗಲೂ ಗೊತ್ತಾಗುತ್ತಿರಲಿಲ್ಲ. ಎಲ್ಲ ಅಕ್ಷರಗಳ ಮೇಲೂ ಒದ್ದೆ ಬಟ್ಟೆ ಒರೆಸಿದ ಹಾಗಿತ್ತು. ಧ ಅಕ್ಷರದ ಹೊಟ್ಟೆ ಸೀಳು ಮಾಯ, ಒತ್ತಕ್ಷರಗಳು ಬರೀ ಕಪ್ಪು ಉಂಡೆ. ಗಿರಾಕಿ ಅದನ್ನೇ ನೋಡಿ ಓಕೆ ಅಂದಿದ್ದಾರೆ. ಮಾವನೂ ಅದನ್ನೇ ನೋಡಿ ಪ್ರಿಂಟಿಗೆ ಬಿಟ್ಟಿದ್ದಾರೆ.

ಅಂಗಡಿಯ ವ್ಯವಸ್ಥೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಇಂಟೆಲ್ 6ನೇ ತಲೆಮಾರಿನ ಐ5, 16 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದರ ಮೇಲೆ ಲಿನಕ್ಸ್ ಮಿಂಟ್ 21, ಸಿನಮನ್ ಡೆಸ್ಕ್‌ಟಾಪ್. ಅದರೊಳಗೆ ಕೆವಿಎಂ ಮತ್ತು ಕ್ಯೂಎಮು ಅನ್ನುವ ಸಾಫ್ಟ್‌ವೇರ್ ಮೇಲೆ ಓಡುವ ಒಂದು ವಿಂಡೋಸ್ 7 ವಿಎಂ (ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ನಕಲಿ ಕಂಪ್ಯೂಟರ್), ಅದನ್ನು ಕಿಟಕಿಯಲ್ಲಿ ನೋಡೋಕೆ ವರ್ಟ್-ಮ್ಯಾನೇಜರ್. ಇನ್ನೂ ಯಾಕೆ ವಿಂಡೋಸ್ 7 ಅಂತ ಕೇಳುವವರಿಗೆ ಉತ್ತರ ಒಂದೇ, ಪುಟ ಜೋಡಿಸುವ ಪ್ರೋಗ್ರಾಮ್ ಪೇಜ್‌ಮೇಕರ್. 2001ರ 7ನೇ ಆವೃತ್ತಿ. ಅದಕ್ಕೆ ಯೂನಿಕೋಡ್ (ಈಗಿನ ಸಾರ್ವತ್ರಿಕ ಅಕ್ಷರ ಸಂಕೇತ) ಗೊತ್ತಿಲ್ಲ, ನುಡಿಯ ಹಳೇ ಫಾಂಟುಗಳು ಮಾತ್ರ ಗೊತ್ತು. ಮಾವನ ಹತ್ತಿರ ಇಪ್ಪತ್ತು ವರ್ಷದ ಫೈಲುಗಳಿವೆ. ಹೋದ ವರ್ಷದ ಗೃಹಪ್ರವೇಶದ ಕಾರ್ಡನ್ನೇ ತೆರೆದು ಹೆಸರು ಬದಲಿಸುವುದು ಅವರ ವ್ಯಾಪಾರದ ಅರ್ಧ ಭಾಗ. ವಿಂಡೋಸ್ 7ಕ್ಕೆ ಭದ್ರತಾ ಅಪ್ಡೇಟುಗಳು 2020ರ ಜನವರಿ 14ಕ್ಕೇ ನಿಂತವು. ಹಾಗಾಗಿ ಅದನ್ನು ವಿಎಂ ಒಳಗೆ ಕೂರಿಸಿ, ಇಂಟರ್ನೆಟ್ ತಪ್ಪಿಸಿ, ಲಿನಕ್ಸ್ ಕಡೆಯ ಒಂದು ಫೋಲ್ಡರ್ ಮಾತ್ರ ಕಾಣುವಂತೆ ಮಾಡಿಟ್ಟಿದ್ದೆ. ಒಂದು ವರ್ಷದಿಂದ ಆರಾಮಾಗಿ ನಡೆದಿತ್ತು.

ಬದಲಾಗಿದ್ದು ಒಂದೇ ಒಂದು ವಸ್ತು. ಮಾವನಿಗೆ ಕಣ್ಣು ಮಂಜಾಗುತ್ತಿದೆ ಅಂತ ಹಳೇ 1920×1080 ಮಾನಿಟರ್ ತೆಗೆದು 32 ಇಂಚಿನ 4ಕೆ (3840×2160) ಮಾನಿಟರ್ ತಂದಿದ್ದರು. ಅಕ್ಷರ ಚೆನ್ನಾಗಿ ಕಾಣಲಿ ಅಂತ ದುಡ್ಡು ಕೊಟ್ಟು ತಂದದ್ದು, ಬಂದ ಮೇಲೆ ಅಕ್ಷರವೇ ಕಾಣದ ಹಾಗಾಯಿತು.

ಇನ್ನು ನನ್ನ ಮೂರ್ಖತನ ಹೇಳಬೇಕು. ನಾನಿರುವುದು ಬೆಂಗಳೂರಿನಲ್ಲಿ. ಫೋನಿನಲ್ಲೇ ಸರಿ ಮಾಡಿಬಿಡೋಣ ಅಂತ ಹೊರಟೆ. ಯಾವ ಪದರದಲ್ಲಿ ತೊಂದರೆ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ವಿಎಂನ ವಿಡಿಯೋ ಮಾಡೆಲ್, ಅಂದರೆ ಅದರ ನಕಲಿ ಗ್ರಾಫಿಕ್ಸ್ ಕಾರ್ಡಿನ ಬಗೆ, ಕ್ಯೂಎಕ್ಸ್‌ಎಲ್ ಇತ್ತು. ಅದು ಹಳೇದು, ಈಗ ವರ್ಟಿಯೋ ಹಾಕೋದು ಒಳ್ಳೇದು ಅಂತ ಎಲ್ಲರೂ ಹೇಳ್ತಾರಲ್ಲ ಅಂದುಕೊಂಡು ಮಾವನ ಕೈಲಿ ಅದನ್ನು ಬದಲಾಯಿಸಿದೆ. ಎಲ್ಲರೂ ಹೇಳೋದು ಲಿನಕ್ಸ್ ಒಳಗೆ ಲಿನಕ್ಸ್ ಓಡಿಸುವವರಿಗೆ. ವಿಂಡೋಸ್ 7ಕ್ಕೆ ಆ ಮಾಡೆಲ್‌ನ ಡಿಸ್ಪ್ಲೇ ಡ್ರೈವರೇ ಇಲ್ಲ. ಡ್ರೈವರ್ ಸಿಗದೆ ವಿಂಡೋಸು ಸಾದಾ ವಿಜಿಎಗೆ ಇಳಿದು 1024×768ರಲ್ಲಿ ಬಂದು ಕೂತಿತು. "ಇನ್ನೂ ದಪ್ಪ ಆಯ್ತು ಕಣೋ, ಈಗ ಕಲ್ಲಂಗಡಿ ಹಣ್ಣಿನ ಥರ ಕಾಣುತ್ತೆ" ಅಂದರು ಮಾವ.

ಅಷ್ಟಕ್ಕೆ ಬಿಡಲಿಲ್ಲ. 3ಡಿ ಆಕ್ಸಿಲರೇಶನ್ ಟಿಕ್ ಮಾಡಿ, ಸ್ಪೈಸ್ (ವಿಎಂನ ಚಿತ್ರವನ್ನು ಕಿಟಕಿಗೆ ತರುವ ವ್ಯವಸ್ಥೆ) ಪುಟದಲ್ಲಿ ಓಪನ್‌ಜಿಎಲ್ ಟಿಕ್ ಮಾಡಿ ಅಂದೆ. ಈ ಸಲ ವಿಎಂ ಏಳಲೇ ಇಲ್ಲ. ಮಾವ ಕೆಂಪು ಅಕ್ಷರದ ಎರರನ್ನು ಅಕ್ಷರ ಅಕ್ಷರ ಬಿಡಿಸಿ ಓದಿದರು. ಸ್ಪೈಸ್‌ನಲ್ಲಿ ಜಿಎಲ್ ಬೇಕಿದ್ದರೆ ಅದು ಇದೇ ಮಷೀನಿನ ಒಳಗೆ ಮಾತ್ರ, ಪೋರ್ಟ್ ತೆರೆದಿಟ್ಟರೆ ಆಗಲ್ಲ ಅನ್ನುವುದು ಅದರ ಅರ್ಥ. ಲಿಸನ್ ಟೈಪ್ ಅನ್ನುವ ಕಡೆ ‘ನನ್’ ಅಂತ ಆರಿಸಿದರೆ ಆ ಎರರ್ ಹೋಗುತ್ತದೆ. ಆದರೆ ಹೋಗಿ ಏನು ಪ್ರಯೋಜನ, ವಿಂಡೋಸ್ 7ರಲ್ಲಿ ಆ 3ಡಿಯನ್ನು ಬಳಸುವ ಡ್ರೈವರ್ ಇಲ್ಲವೇ ಇಲ್ಲ. ಎರಡೂ ಟಿಕ್ ತೆಗೆಸಿ, ಮಾಡೆಲ್ಲನ್ನು ವಾಪಸ್ ಕ್ಯೂಎಕ್ಸ್‌ಎಲ್ ಮಾಡಿಸಿ, "ಭಾನುವಾರ ಬರ್ತೀನಿ ಮಾವ, ಅಲ್ಲೀವರೆಗೆ ಪ್ರೂಫನ್ನು ಪೇಪರ್ ಮೇಲೆ ತೆಗೆದು ನೋಡಿ" ಅಂದೆ. ಆ ಒಂದು ಮಾತು ಮಾತ್ರ ಅವತ್ತು ನಾನು ಹೇಳಿದ್ದರಲ್ಲಿ ಕೆಲಸಕ್ಕೆ ಬಂದದ್ದು.

ಭಾನುವಾರ ಬೆಳಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಹೋದೆ. ದಾರಿಯಲ್ಲಿ ಒಂದು ಕಾಗದದ ಮೇಲೆ ಬರೆದುಕೊಂಡೆ: ಪೇಜ್‌ಮೇಕರ್ ಬರೆದ ಒಂದು ಚುಕ್ಕೆ ಮಾವನ ಕಣ್ಣಿಗೆ ಬೀಳುವುದರೊಳಗೆ ಎಲ್ಲೆಲ್ಲಿ ಹಾದುಹೋಗುತ್ತದೆ? ಒಳಗಿನ ವಿಂಡೋಸು ತನ್ನ ಕ್ಯೂಎಕ್ಸ್‌ಎಲ್ ಡ್ರೈವರ್ ಮೂಲಕ ವಿಎಂನ ವಿಡಿಯೋ ಮೆಮೊರಿಗೆ ಬರೆಯುತ್ತದೆ. ಅಲ್ಲಿಂದ ಸ್ಪೈಸ್ ಅದನ್ನು ಹೊತ್ತು ವರ್ಟ್-ಮ್ಯಾನೇಜರ್ ಕಿಟಕಿಗೆ ತರುತ್ತದೆ. ಆ ಕಿಟಕಿ ಬೇಕಿದ್ದರೆ ಹಿಗ್ಗಿಸಿ ಅಥವಾ ಕುಗ್ಗಿಸಿ ಹೊರಗಿನ ಲಿನಕ್ಸಿನ ಪರದೆ ಮೇಲೆ ಹಾಕುತ್ತದೆ. ಕೊನೆಗೆ ಕೇಬಲ್, ಮಾನಿಟರ್. ಫೋನಿನಲ್ಲಿ ನಾನು ಕೈಹಾಕಿದ್ದು ಬರೀ ಮೊದಲನೇ ಜಾಗಕ್ಕೆ. ಅಲ್ಲೇ ತೊಂದರೆ ಇದೆ ಅಂತ ಯಾರು ಹೇಳಿದ್ದರು? ಯಾರೂ ಇಲ್ಲ.

ಅಂಗಡಿಗೆ ಹೋದ ಕೂಡಲೇ ಮಾವ ಇನ್ನೊಂದು ದೂರು ಸೇರಿಸಿದರು. ಮೌಸು ಎಳೆದೆಳೆದು ಬರುತ್ತದೆ, ಅಂಟು ಹತ್ತಿದ ಹಾಗೆ. ಇದು ವಿಎಂನದ್ದೇ ಅಂತ ಅನ್ನಿಸೋದು ಸಹಜ. ಆದರೆ ವಿಎಂ ಮುಚ್ಚಿ ಬರೀ ಮಿಂಟ್‌ನಲ್ಲಿ ಮೌಸ್ ಆಡಿಸಿದರೂ ಹಾಗೇ ಇತ್ತು. ಟರ್ಮಿನಲ್‌ನಲ್ಲಿ ಎಕ್ಸ್‌ರ್‍ಯಾಂಡ್ರ್ ಅನ್ನುವ, ಪರದೆಯ ಅಳತೆ ತೋರಿಸುವ ಆಜ್ಞೆ ಓಡಿಸಿ ನೋಡಿದೆ. 3840×2160 ಸರಿಯಾಗಿಯೇ ಇತ್ತು, ಆದರೆ ಈಗ ನಡೆಯುತ್ತಿರುವುದನ್ನು ತೋರಿಸುವ ನಕ್ಷತ್ರದ ಗುರುತು ಇದ್ದದ್ದು 30 ಹರ್ಟ್ಸ್ ಪಕ್ಕ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. ಆ ತಲೆಮಾರಿನ ಇಂಟೆಲ್ ಚಿಪ್ಪಿನ ಎಚ್‌ಡಿಎಂಐ 1.4ನೇ ಆವೃತ್ತಿಯದು, 4ಕೆ ಅಂದರೆ 30 ಹರ್ಟ್ಸ್‌ಗಿಂತ ಮೇಲೆ ಹೋಗುವುದಿಲ್ಲ. ಅದೇ ಮಷೀನಿನ ಹಿಂದೆ ಡಿಸ್ಪ್ಲೇಪೋರ್ಟ್ ಇತ್ತು, 60 ಹರ್ಟ್ಸ್ ಕೊಡುತ್ತದೆ, ಯಾರೂ ಮುಟ್ಟಿರಲಿಲ್ಲ, ಪ್ಲಾಸ್ಟಿಕ್ ಮುಚ್ಚಳ ಕೂಡ ಹಾಗೇ ಇತ್ತು. ಮಾನಿಟರ್ ಪೆಟ್ಟಿಗೆಯಲ್ಲೇ ಆ ಕೇಬಲ್ಲೂ ಸಿಕ್ಕಿತು. ಬದಲಾಯಿಸಿದೆ, ಅಂಟು ಬಿಟ್ಟಿತು. ಒಂದು ದೂರು ವಿಎಂಗೆ ಸಂಬಂಧವೇ ಇಲ್ಲದೆ ಮುಗಿಯಿತು. ಮಸುಕು ಮಾತ್ರ ಹಾಗೇ ಇತ್ತು.

ಈಗ ಮಸುಕಿನ ಮೂಲ. ಹೊರಗಿನ ಫೈರ್‌ಫಾಕ್ಸ್‌ನಲ್ಲಿ ಒಂದು ಕನ್ನಡ ಪುಟ ತೆರೆದೆ, ಅಕ್ಷರಗಳು ಕೆತ್ತಿದ ಹಾಗಿದ್ದವು. ಅಂದರೆ ಮಾನಿಟರೂ ಲಿನಕ್ಸೂ ಸರಿ. ಉಳಿದದ್ದು ಎರಡು, ಒಳಗಿನ ವಿಂಡೋಸು ಅಥವಾ ನಡುವಿನ ಕಿಟಕಿ. ಇವೆರಡನ್ನು ಬೇರೆ ಮಾಡಿ ನೋಡಲು ಒಂದು ಚಂದದ ಉಪಾಯ ಇದೆ, ಜಾಸ್ತಿ ಜನ ಬಳಸುವುದಿಲ್ಲ. ವಿಎಂಗಳನ್ನು ನಿಭಾಯಿಸುವ ವರ್ಶ್ ಅನ್ನುವ ಆಜ್ಞೆಯಲ್ಲಿ ಸ್ಕ್ರೀನ್‌ಶಾಟ್ ಅಂತ ಒಂದು ಉಪಆಜ್ಞೆ ಇದೆ. ಅದು ಕಿಟಕಿಯ ಫೋಟೋ ತೆಗೆಯುವುದಿಲ್ಲ, ಕ್ಯೂಎಮು ಒಳಗಿರುವ ಚಿತ್ರವನ್ನೇ ನೇರವಾಗಿ ಫೈಲಿಗೆ ಇಳಿಸುತ್ತದೆ. ಮಿಂಟ್ 21ರಲ್ಲಿ ಪಿಪಿಎಂ ಫೈಲ್ ಬರುತ್ತದೆ, ಮಿಂಟಿನ ಚಿತ್ರ ನೋಡುವ ಪ್ರೋಗ್ರಾಮ್ ಅದನ್ನು ತೆರೆಯುತ್ತದೆ. ಕಪ್ಪು ಪರದೆ ಬಂದಾಗಲೂ ಇದೇ ಉಪಾಯ ಬಳಸಬಹುದು: ಇಳಿಸಿದ ಚಿತ್ರದಲ್ಲಿ ಡೆಸ್ಕ್‌ಟಾಪ್ ಕಂಡರೆ ವಿಂಡೋಸ್ ಬದುಕಿದೆ, ಕಿಟಕಿ ಕೆಟ್ಟಿದೆ ಅಂತ.

ಅದೇ ಲಗ್ನಪತ್ರಿಕೆ ತೆರೆದು ಎರಡು ಚಿತ್ರ ತೆಗೆದೆ. ಒಂದು ಮಿಂಟಿನ ಮಾಮೂಲಿ ಸ್ಕ್ರೀನ್‌ಶಾಟ್, ಇನ್ನೊಂದು ವರ್ಶ್‌ನದು. ಪಕ್ಕಪಕ್ಕ ಇಟ್ಟು 300% ಹಿಗ್ಗಿಸಿ ಮಾವನನ್ನೂ ಆ ಹುಡುಗಿಯನ್ನೂ ಕರೆದೆ. ವರ್ಶ್ ಚಿತ್ರದಲ್ಲಿ ವದು ಅಂತ ಸ್ಪಷ್ಟವಾಗಿ ಕಾಣುತ್ತಿತ್ತು, ಕೆಳಗಿನ ಸಾಲಿನ ವಿಧಿ ಅನ್ನುವ ಪದದಲ್ಲಿ ಹೊಟ್ಟೆ ಸೀಳೂ ಸ್ಪಷ್ಟ. ಇನ್ನೊಂದರಲ್ಲಿ ಎರಡೂ ಒಂದೇ ಥರ. "ಅಣ್ಣ, ನಾನು ಹೇಳಿದ್ದೆ ಸರ್‌ಗೆ, ಪೇಪರಲ್ಲಿ ಸರಿ ಬರುತ್ತೆ, ಸ್ಕ್ರೀನಲ್ಲಿ ಮಾತ್ರ ಹೀಗೆ ಅಂತ" ಅಂದಳು ಹುಡುಗಿ. ಹೌದು, ಒಳಗಿನ ಚಿತ್ರ ಕೆಟ್ಟಿಲ್ಲ, ತೋರಿಸುವಾಗ ಕೆಡುತ್ತಿದೆ ಅನ್ನುವ ಸುಳಿವು ಆ ಮಾತಿನಲ್ಲೇ ಇತ್ತು. ನಾನು ಫೋನಿನಲ್ಲಿ ಅವಳನ್ನು ಕೇಳಿದ್ದರೆ ಮೂರು ದಿನ ಉಳಿಯುತ್ತಿತ್ತು.

ವರ್ಶ್ ಚಿತ್ರದ ಅಳತೆ 2560×1600. ಮಾನಿಟರಿನದು 3840×2160. ವರ್ಟ್-ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಸ್ಕೇಲ್ ಡಿಸ್ಪ್ಲೇ ಅನ್ನುವುದು ‘ಆಲ್ವೇಸ್’ ಮೇಲಿತ್ತು. ಹಾಗಾಗಿ ಫುಲ್‌ಸ್ಕ್ರೀನ್ ಮಾಡಿದಾಗ ಅದು 1600 ಸಾಲನ್ನು 2160ಕ್ಕೆ ಹಿಗ್ಗಿಸುತ್ತಿತ್ತು, ಅಂದರೆ 1.35 ಪಟ್ಟು. ಒಂದು ಚುಕ್ಕೆಯನ್ನು ಒಂದೂಕಾಲು ಚುಕ್ಕೆಗಿಂತ ಸ್ವಲ್ಪ ಜಾಸ್ತಿ ಜಾಗಕ್ಕೆ ಹರಡಬೇಕು ಅಂದರೆ ಹೇಗೆ ಹರಡೋದು? ಪಕ್ಕದ ಚುಕ್ಕೆಯ ಬಣ್ಣ ಬೆರೆಸಿ ಬೂದಿ ಮಾಡಬೇಕು. ಧ ಅಕ್ಷರದ ಸೀಳು ಸಣ್ಣ ಸೈಜಿನಲ್ಲಿ ಒಂದು ಚುಕ್ಕೆ ಅಗಲ. ಅದು ಬೂದಿಯಲ್ಲಿ ಕರಗಿಹೋಯಿತು. ಎಡಬಲದಲ್ಲಿ ಎರಡು ಕಪ್ಪು ಪಟ್ಟಿ ಬೇರೆ ಇದ್ದವು. 2560ರ 1.35 ಪಟ್ಟು 3456, ಉಳಿದ 384 ಚುಕ್ಕೆ ಆಚೀಚೆ 192ರಂತೆ ಹಂಚಿಹೋಗಿತ್ತು. ಅದನ್ನು ಮಾವ ಮಾನಿಟರಿನ ದೋಷ ಅಂತ ಅಂದುಕೊಂಡು ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿಯೂ ಬಂದಿದ್ದರು.

ಹಳೇ ಮಾನಿಟರಿನಲ್ಲೂ ಆಲ್ವೇಸ್ ಅಂತಲೇ ಇತ್ತು. ಆದರೆ ಆಗ ಒಳಗೂ 1920×1080, ಹೊರಗೂ 1920×1080. ಒಂದಕ್ಕೊಂದು. ಹಿಗ್ಗಿಸೋಕೆ ಏನೂ ಇರಲಿಲ್ಲ, ತಪ್ಪು ಗೊತ್ತಾಗಲೂ ಇಲ್ಲ.

ಸ್ಕೇಲನ್ನು ‘ನೆವರ್’ ಮಾಡಿದೆ. ಮಸುಕು ತಕ್ಷಣ ಹೋಯಿತು. ಆದರೆ ಈಗ ವಿಂಡೋಸು 4ಕೆ ಪರದೆಯ ನಡುವೆ ಪಟಕ್ಕೆ ಕಟ್ಟು ಹಾಕಿದ ಹಾಗೆ ಕೂತಿತು, ಸುತ್ತ ಕಪ್ಪು. ಕಿಟಕಿಯನ್ನು ಎಷ್ಟು ಎಳೆದರೂ ಒಳಗಿನದ್ದು 2560×1600 ಬಿಟ್ಟು ಅಲ್ಲಾಡಲಿಲ್ಲ. ಅದೇ ಮೆನುವಿನಲ್ಲಿ, ಕಿಟಕಿಯ ಜೊತೆ ವಿಎಂ ಅಳತೆಯೂ ಬದಲಾಗಲಿ ಅನ್ನುವ ಆಯ್ಕೆ ಇರುತ್ತದೆ, ಅದು ಮಂಕಾಗಿತ್ತು, ಒತ್ತೋಕೇ ಬರುತ್ತಿರಲಿಲ್ಲ.

ಇಲ್ಲಿ ನನ್ನದೇ ಹಳೇ ಪಾಪ ಹೊರಬಂತು. ಆ ಆಯ್ಕೆ ಕೆಲಸ ಮಾಡಬೇಕಾದರೆ ವಿಂಡೋಸ್ ಒಳಗೆ ಸ್ಪೈಸ್ ಏಜೆಂಟ್ ಅನ್ನುವ ಸಣ್ಣ ಪ್ರೋಗ್ರಾಮ್ ಇರಬೇಕು, ಮತ್ತು ಹೊರಗಿನಿಂದ ಅದರ ಜೊತೆ ಮಾತಾಡಲು ವಿಎಂಗೆ ಸ್ಪೈಸ್ ಚಾನೆಲ್ ಅನ್ನುವ ಒಂದು ಸಾಧನ ಇರಬೇಕು. ಏಜೆಂಟ್ ಇತ್ತು, ಸರ್ವೀಸ್ ಪಟ್ಟಿಯಲ್ಲಿ ಕಂಡಿತು. ಚಾನೆಲ್ ಇರಲಿಲ್ಲ. ಒಂದು ವರ್ಷದ ಹಿಂದೆ ಈ ವಿಎಂ ಕಟ್ಟುವಾಗ ಹಾರ್ಡ್‌ವೇರ್ ಪಟ್ಟಿಯಲ್ಲಿ "ಬೇಡದ ಸಾಮಾನು ಯಾಕೆ" ಅಂತ ನಾಲ್ಕೈದು ಐಟಂ ಅಳಿಸಿದ್ದೆ. ಅದರಲ್ಲಿ ಇದೂ ಒಂದು. ಟ್ಯಾಬ್ಲೆಟ್ ಅನ್ನುವ ಇನ್ನೊಂದೂ ಹೋಗಿತ್ತು. ಹೆಸರು ನೋಡಿ ಇವರ ಹತ್ತಿರ ಟ್ಯಾಬ್ಲೆಟ್ ಎಲ್ಲಿದೆ ಅಂತ ತೆಗೆದಿದ್ದೆ. ಅದು ಮೌಸ್ ಎಲ್ಲಿದೆ ಅಂತ ವಿಎಂಗೆ ನೇರ ಜಾಗ ಹೇಳುವ ಸಾಧನ. ಅದೂ ಇಲ್ಲ, ಏಜೆಂಟಿಗೆ ಚಾನೆಲ್ಲೂ ಇಲ್ಲ ಅಂದರೆ ಮೌಸು ಕಿಟಕಿಯೊಳಗೆ ಸಿಕ್ಕಿಕೊಳ್ಳುತ್ತದೆ, ಎಡಗಡೆಯ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದರೆ ಮಾತ್ರ ಬಿಡುತ್ತದೆ. "ಮಾವ, ಮೌಸು ಒಳಗೆ ಸಿಕ್ಕಿಕೊಳ್ತಿತ್ತಾ?" ಅಂತ ಕೇಳಿದೆ. "ಹೌದಲ್ಲ, ಅದು ಹಾಗೇ ಅಲ್ವಾ ಇರೋದು?" ಅಂದರು. ಒಂದು ವರ್ಷ ದಿನಕ್ಕೆ ನೂರು ಸಲ ಆ ಎರಡು ಕೀ ಒತ್ತಿದ್ದಾರೆ. ನನಗೆ ಮುಖ ಎತ್ತೋಕೆ ಆಗಲಿಲ್ಲ.

ಎರಡನ್ನೂ ವಾಪಸ್ ಸೇರಿಸಿದೆ. ಇನ್ನೂ ಏನಾದರೂ ಕೆಡಿಸಿಬಿಟ್ಟರೆ ಅಂತ ಅದಕ್ಕೂ ಮುಂಚೆ ವಿಎಂನ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ ಎಕ್ಸ್‌ಎಂಎಲ್ ಅನ್ನು ಬೇರೆ ಫೈಲಿಗೆ ಇಳಿಸಿಟ್ಟುಕೊಂಡೆ, ವರ್ಶ್‌ನ ಡಂಪ್‌ಎಕ್ಸ್‌ಎಂಎಲ್ ಸಾಕು ಅದಕ್ಕೆ. ವಿಎಂ ಎಬ್ಬಿಸಿದ ಮೇಲೆ ಮಂಕಾಗಿದ್ದ ಆಯ್ಕೆ ಜೀವ ಬಂದು ಕೂತಿತ್ತು. ಟಿಕ್ ಮಾಡಿ ಕಿಟಕಿ ಎಳೆದರೆ ವಿಂಡೋಸು ಹಿಂದೆಯೇ ಬರುತ್ತಿತ್ತು, ಅಕ್ಷರವೂ ಚೊಕ್ಕ. ಮೌಸು ಸಲೀಸಾಗಿ ಒಳಗೆ ಹೊರಗೆ ಓಡಾಡಿತು. ಮುಗಿಯಿತು ಅಂತ ಕಾಫಿ ತರಿಸಿದೆವು.

ಮುಗಿದಿರಲಿಲ್ಲ. ಒಂದು ಅಳತೆಯವರೆಗೆ ಚೆನ್ನಾಗಿ ಬರುತ್ತಿತ್ತು, ಅದರಿಂದಾಚೆ ಕಿಟಕಿ ದೊಡ್ಡದು ಮಾಡಿದರೆ ಒಳಗಿನದ್ದು ಅಲ್ಲೇ ನಿಲ್ಲುತ್ತಿತ್ತು. ವಿಂಡೋಸಿನ ರೆಸಲ್ಯೂಶನ್ ಪಟ್ಟಿಯಲ್ಲೂ ತುದಿ 2560×1600. ಮಾವ ಮಾನಿಟರ್ ತಂದ ದಿನ ಇದೇ ಪಟ್ಟಿಯ ತುದಿಗೆ ಎಳೆದು, ಇದಕ್ಕಿಂತ ಮೇಲಿಲ್ಲ ಅಂತ ಬಿಟ್ಟಿದ್ದರು. ಯಾಕೆ ಸರಿಯಾಗಿ ಅಲ್ಲೇ ನಿಲ್ಲುತ್ತದೆ?

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಂದು ಚುಕ್ಕೆಗೆ 4 ಬೈಟ್. 2560×1600 ಅಂದರೆ 1,63,84,000 ಬೈಟ್. ಕ್ಯೂಎಕ್ಸ್‌ಎಲ್‌ಗೆ ಪರದೆಯ ಚಿತ್ರ ಇಡಲು ಸುಮ್ನೆ ಬಿಟ್ಟರೆ ಸಿಗುವುದು 16 ಎಂಬಿ, ಅಂದರೆ 1,67,77,216 ಬೈಟ್. ಕಿವಿ ಹಿಡಿದು ತುರುಕಿದ ಹಾಗೆ ಹಿಡಿಸುತ್ತದೆ. 4ಕೆಗೆ ಬೇಕಾದದ್ದು 3,31,77,600 ಬೈಟ್, ಎಲ್ಲಿ ಹಿಡಿಸುತ್ತದೆ? ಮೆಮೊರಿಗೆ ಹಿಡಿಸದ ಅಳತೆಗಳನ್ನು ಕ್ಯೂಎಮು ಪಟ್ಟಿಯಲ್ಲಿ ತೋರಿಸುವುದೇ ಇಲ್ಲ, ಎರರ್ ಕೂಡ ಕೊಡುವುದಿಲ್ಲ. ನನಗೆ ಕೋಪ ಬರುವುದು ಇಂಥ ಕಡೆ. ಆಗಲ್ಲ ಅಂತ ಬಾಯಿಬಿಟ್ಟು ಹೇಳಿದರೆ ಅರ್ಧ ದಿನ ಉಳಿಯುತ್ತದೆ.

ಈ ಅಂಕಿಗೆ ವರ್ಟ್-ಮ್ಯಾನೇಜರಿನಲ್ಲಿ ಬಟನ್ ಇಲ್ಲ. ಪ್ರಿಫರೆನ್ಸಸ್‌ನಲ್ಲಿ ಎಕ್ಸ್‌ಎಂಎಲ್ ತಿದ್ದಲು ಅನುಮತಿ ಕೊಟ್ಟುಕೊಂಡು, ವಿಡಿಯೋ ಸಾಧನದ ಎಕ್ಸ್‌ಎಂಎಲ್ ಪುಟ ತೆರೆಯಬೇಕು. ಅಲ್ಲಿ ರ್‍ಯಾಮ್, ವಿರ್‍ಯಾಮ್, ವಿಜಿಎಮೆಮ್ ಅಂತ ಮೂರು ಅಂಕಿ ಇರುತ್ತವೆ, ಕಿಲೋಬೈಟ್ ಲೆಕ್ಕದಲ್ಲಿ. ಮೊದಲೆರಡು 65536, ಮೂರನೆಯದು 16384, ಅದೇ ಆ 16 ಎಂಬಿ. ಮೂರನೆಯದನ್ನು 32768 ಮಾಡಿದೆ, ಅಂದರೆ 32 ಎಂಬಿ, 3,35,54,432 ಬೈಟ್. 4ಕೆ ಅದರಲ್ಲಿ ಸರಿಯಾಗಿ ಕೂರುತ್ತದೆ. ಇರಲಿ ಅಂತ ಮೊದಲೆರಡನ್ನೂ ಎರಡರಷ್ಟು ಮಾಡಿದೆ. ವರ್ಚುವಲ್‌ಬಾಕ್ಸ್ ಅನ್ನುವ ಇನ್ನೊಂದು ವಿಎಂ ಪ್ರೋಗ್ರಾಮ್ ಬಳಸುವವರಿಗೆ ಇದರ ಸಮಾನ ಸೆಟ್ಟಿಂಗ್‌ ವಿಡಿಯೋ ಮೆಮೊರಿ ಅನ್ನುವ ಎಳೆಪಟ್ಟಿ, ಅದು 128 ಎಂಬಿಯವರೆಗೆ ಹೋಗುತ್ತದೆ, ಎಕ್ಸ್‌ಎಂಎಲ್ ಕಾಟ ಇಲ್ಲ.

ಉಳಿಸಿದೆ. ಮಾವ ಸ್ಟಾರ್ಟ್ ಮೆನುವಿನಿಂದ ರೀಸ್ಟಾರ್ಟ್ ಒತ್ತಿದರು. ಏನೂ ಬದಲಾಗಲಿಲ್ಲ. ಇನ್ನೊಮ್ಮೆ ಒತ್ತಿದರು, ಇಲ್ಲ. ನಾನು ಲೆಕ್ಕ ತಪ್ಪಿತಾ, ಡ್ರೈವರ್ ಹಳೇದಾ, ಬೇರೆ ಡ್ರೈವರ್ ಇಳಿಸಬೇಕಾ ಅಂತ ಒಂದು ಗಂಟೆ ಒದ್ದಾಡಿದೆ. ಮಾವನ ಮನೆಯಿಂದ ಊಟಕ್ಕೆ ಎರಡು ಸಲ ಕರೆ ಬಂತು. ಕೊನೆಗೆ ಪಿಎಸ್ ಆಜ್ಞೆ ಕೊಟ್ಟು, ಓಡುತ್ತಿರುವ ಕ್ಯೂಎಮು ಪ್ರಕ್ರಿಯೆಯ ಉದ್ದನೆಯ ಸಾಲನ್ನು ಓದಿದಾಗ ನಗು ಬಂತು. ವಿಜಿಎಮೆಮ್ ಅಲ್ಲಿ ಇನ್ನೂ 16 ಅಂತಲೇ ಇತ್ತು. ಒಳಗಿನ ವಿಂಡೋಸ್ ರೀಸ್ಟಾರ್ಟ್ ಆದರೂ ಹೊರಗಿನ ಕ್ಯೂಎಮು ಸಾಯುವುದಿಲ್ಲ, ಅದೇ ಹಳೇ ಪೆಟ್ಟಿಗೆಯೊಳಗೆ ವಿಂಡೋಸು ಮತ್ತೆ ಏಳುತ್ತದೆ. ಹೊಸ ಎಕ್ಸ್‌ಎಂಎಲ್ ಓದಬೇಕಾದರೆ ಪೂರ್ತಿ ಶಟ್‌ಡೌನ್ ಮಾಡಿ, ವಿಎಂ ಆಫ್ ಆಗಿದೆ ಅಂತ ನೋಡಿ, ಮತ್ತೆ ಸ್ಟಾರ್ಟ್ ಮಾಡಬೇಕು. ಉಳಿಸುವಾಗ ವರ್ಟ್-ಮ್ಯಾನೇಜರ್ ಅದನ್ನೇ ಹೇಳಿತ್ತು. ಓದದೆ ಓಕೆ ಒತ್ತಿದ್ದು ನಾನು.

ಶಟ್‌ಡೌನ್ ಮಾಡಿ ಎಬ್ಬಿಸಿದ ಮೇಲೆ ಫುಲ್‌ಸ್ಕ್ರೀನ್ ಒತ್ತಿದರೆ ವಿಂಡೋಸ್ 7 ಪೂರ್ತಿ 3840×2160ರಲ್ಲಿ ಬಂತು. ಎಡಬಲದ ಕಪ್ಪು ಪಟ್ಟಿ ಇಲ್ಲ, ಮಸುಕಿಲ್ಲ. ನಾನು ಎದೆಯುಬ್ಬಿಸಿ ಮಾವನ ಕಡೆ ನೋಡಿದೆ. ಮಾವ ಕನ್ನಡಕ ಮೇಲೇರಿಸಿ, ಕೆಳಗಿಳಿಸಿ, "ಇದೇನೋ, ಇರುವೆ ಸಾಲಿನ ಥರ ಕಾಣ್ತಿದೆ" ಅಂದರು. ನಿಜ. 2001ರ ಪ್ರೋಗ್ರಾಮಿನ ಟೂಲ್ ಪಟ್ಟಿಗಳು 4ಕೆ ಪರದೆಯಲ್ಲಿ ಕಡಲೆಬೇಳೆ ಗಾತ್ರಕ್ಕೆ ಇಳಿದಿದ್ದವು. ಪುಟವನ್ನು ಝೂಮ್ ಮಾಡಬಹುದು, ಟೂಲುಗಳನ್ನು ಹೇಗೆ ಮಾಡೋದು? ಚೊಕ್ಕ ಇದ್ದರೆ ಸಾಲದು, ಕಾಣಲೂ ಬೇಕಲ್ಲ.

ಇದಕ್ಕೆ ದಾರಿ ಹುಡುಕಿದ್ದು ಆ ಹುಡುಗಿ. ಅವಳಿಗೆ ಫುಲ್‌ಸ್ಕ್ರೀನೇ ಬೇಡವಾಗಿತ್ತು. ಗಿರಾಕಿಗಳು ಕಾರ್ಡಿನ ವಿಷಯ ಕಳಿಸುವುದು ವಾಟ್ಸಾಪಿನಲ್ಲಿ, ಅದನ್ನು ನೋಡಿಕೊಂಡು ಪೇಜ್‌ಮೇಕರಿನಲ್ಲಿ ಟೈಪ್ ಮಾಡಬೇಕು, ಪ್ರತಿ ಸಾಲಿಗೂ ಕಿಟಕಿ ಬದಲಿಸಿ ಬದಲಿಸಿ ಅವಳಿಗೆ ಸಾಕಾಗಿತ್ತು. ಹಾಗಾಗಿ ಎಡಗಡೆ ಮೂರರಲ್ಲಿ ಎರಡು ಭಾಗ ವಿಂಡೋಸ್ ಕಿಟಕಿ, ಬಲಗಡೆ ಉಳಿದದ್ದರಲ್ಲಿ ಲಿನಕ್ಸ್ ಕಡೆಯ ವಾಟ್ಸಾಪ್ ಅಂತ ಇಟ್ಟೆವು. ಒಳಗಿನ ಅಳತೆ ಸುಮಾರು 2560×2050 ಬಂತು. ಎ4 ಪುಟ ತಲೆಯಿಂದ ಕಾಲಿನವರೆಗೆ ಒಂದೇ ನೋಟಕ್ಕೆ ಕಾಣುತ್ತದೆ. ಇದಕ್ಕೂ 2 ಕೋಟಿ ಬೈಟ್‌ಗಿಂತ ಜಾಸ್ತಿ ಬೇಕು, 16 ಎಂಬಿಯಲ್ಲಿ ಆಗುತ್ತಿರಲಿಲ್ಲ. ಹಾಗಾಗಿ ಒದ್ದಾಡಿದ ಆ ಗಂಟೆ ಪೂರ್ತಿ ದಂಡವಾಗಲಿಲ್ಲ.

ಟೂಲ್ ಪಟ್ಟಿಯ ಸಮಸ್ಯೆ ಪೂರ್ತಿ ಹೋಗಿಲ್ಲ, ಕಿಟಕಿ ಸಣ್ಣದಾದರೂ ಚುಕ್ಕೆಯ ಗಾತ್ರ ಅದೇ ತಾನೆ. ಒಳಗಿನ ವಿಂಡೋಸಿನಲ್ಲಿ ಅಕ್ಷರದ ಗಾತ್ರ 125% ಮಾಡಿದೆ, ಮೆನುಗಳು ಓದುವ ಹಾಗಾದವು. ಐಕಾನುಗಳು ಇನ್ನೂ ಚಿಕ್ಕವೇ, ಆದರೆ ಹುಡುಗಿ ಹನ್ನೊಂದು ವರ್ಷದಿಂದ ಪೇಜ್‌ಮೇಕರ್ ಮಾಡುವವಳು, ಐಕಾನ್ ಮುಟ್ಟುವುದೇ ಕಮ್ಮಿ, ಎಲ್ಲ ಕೀ ಹೊಡೆತದಲ್ಲೇ. ಹೊರಗಿನ ಮಿಂಟ್‌ಗೆ ಫಾಂಟ್ ಸೆಟ್ಟಿಂಗಿನ ಟೆಕ್ಸ್ಟ್ ಸ್ಕೇಲಿಂಗ್ ಅಂಕಿಯನ್ನು 1.4 ಮಾಡಿದೆ. ಪೂರ್ತಿ ಡೆಸ್ಕ್‌ಟಾಪನ್ನೇ 200% ಮಾಡುವ ಆಯ್ಕೆ ಮುಟ್ಟಲಿಲ್ಲ. ಮತ್ತೆ ಯಾವ ಪದರ ಯಾವುದನ್ನು ಹಿಗ್ಗಿಸುತ್ತದೋ ಅಂತ ಹುಡುಕುವ ಶಕ್ತಿ ಅವತ್ತು ಉಳಿದಿರಲಿಲ್ಲ.

ಪ್ರೂಫ್ ಕಳಿಸುವ ಕ್ರಮವನ್ನೂ ಬದಲಿಸಿದರು. ಈಗ ಸ್ಕ್ರೀನ್‌ಶಾಟ್ ಕಳಿಸುವುದಿಲ್ಲ, ಪಿಡಿಎಫ್ ಮಾಡಿ ಕಳಿಸುತ್ತಾರೆ. 400 ಕಾರ್ಡನ್ನು ಮಾವ ತಮ್ಮ ಖರ್ಚಿನಲ್ಲೇ ಮತ್ತೆ ಪ್ರಿಂಟ್ ಹಾಕಿಸಿಕೊಟ್ಟರು. ಹಳೇ ಕಾರ್ಡುಗಳ ಹಿಂಬದಿ ಖಾಲಿ ಇತ್ತಲ್ಲ, ಅದರಲ್ಲೇ ಅಂಗಡಿಯ ಬಿಲ್ ಲೆಕ್ಕ ಬರೆಯುತ್ತಿದ್ದಾರೆ.

ಹೋದ ವಾರ ಮತ್ತೆ ತುಮಕೂರಿಗೆ ಹೋಗಿದ್ದೆ. ವಿಎಂ ಚೆನ್ನಾಗಿ ಓಡುತ್ತಿದೆ. ಮಾವ ಮಾತ್ರ ವಿಂಡೋಸ್ ಕಿಟಕಿಯಿಂದ ವಾಟ್ಸಾಪ್ ಕಡೆ ಮೌಸ್ ಒಯ್ಯುವಾಗಲೆಲ್ಲ ಎಡಗೈಯಲ್ಲಿ ಕಂಟ್ರೋಲೂ ಆಲ್ಟೂ ಒತ್ತುತ್ತಲೇ ಇದ್ದಾರೆ. "ಅದು ಈಗ ಬೇಡ ಮಾವ" ಅಂದೆ. "ಗೊತ್ತು ಕಣೋ, ಕೈ ಕೇಳಲ್ಲ" ಅಂದರು.